ಚೀಟಿಯ ಹಿಂಬದಿ

ಎಲ್ಲ ಗೋಳಿಗೂ ಮೂಲ, ಆ ಶುಕ್ರವಾರ ಬೆಳಗ್ಗೆ ಡಾಕ್ಟರರ ಚೀಟಿಪುಸ್ತಕದಲ್ಲಿ ಹಾಳೆ ಮುಗಿದುಹೋದದ್ದು.

ದನದ ಆಸ್ಪತ್ರೆಯ ಕಂಪೌಂಡರ್ ಆ ಹೊತ್ತಿಗೆ ಹಿತ್ತಲಿನ ಒಲೆಯ ಮುಂದೆ ಕೂತು ಸೂಜಿ, ಸಿರಿಂಜುಗಳನ್ನು ಕುದಿಸುತ್ತಿದ್ದ. ನೀರು ಕುದಿಯುವುದನ್ನು ನೋಡುತ್ತಾ ಕೂರುವ ಕೆಲಸ ಅವನಿಗೆ ಬಲು ಇಷ್ಟ. ಅವನ ಕತೆಗಳೆಲ್ಲ ಹೊಳೆದದ್ದು ಆ ಪಾತ್ರೆಯ ಮುಂದೆಯೇ. ಹನ್ನೆರಡು ವರ್ಷಗಳಿಂದ ಅವನು 'ಮೌನಮಿತ್ರ' ಎಂಬ ಹೆಸರಿನಲ್ಲಿ ಪಟ್ಟಣದ ವಾರಪತ್ರಿಕೆಗೆ ಕತೆ ಕಳಿಸುತ್ತಿದ್ದ. ಹೋದ ಕತೆಗಳೆಲ್ಲ ಸಂಜೆಗೆ ಕೊಟ್ಟಿಗೆ ಸೇರುವ ದನಗಳ ಹಾಗೆ ದಾರಿ ತಪ್ಪದೆ ಮನೆಗೆ ಮರಳುತ್ತಿದ್ದವು. ಮೌನಮಿತ್ರ ಯಾರೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು, ಅವಳು ಮರ್ಯಾದೆಗೆ ಅಂಜಿ ಯಾರಿಗೂ ಹೇಳಿರಲಿಲ್ಲ.

ಆದರೆ ಈ ವಾರ ಸಂಪಾದಕರಿಂದ ಒಂದು ಕಾರ್ಡು ಬಂದಿತ್ತು. "ನಿಮಗಾಗಿ ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಶುಕ್ರವಾರ ನಾಲ್ಕೂವರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕತೆ ಕೊಟ್ಟು ಕಳಿಸಿ. ಈ ಸಲ ತಪ್ಪಿದರೆ ಇನ್ನು ಮುಂದೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ." ಕಂಪೌಂಡರ್ ಆ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮೂರು ದಿನಗಳಿಂದ ಹಲ್ಲುನೋವಿನವನು ಕೆನ್ನೆ ಮುಟ್ಟಿಕೊಳ್ಳುವ ಹಾಗೆ ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅವನು ನೋಟುಪುಸ್ತಕದಲ್ಲಿ ಬರೆಯುವವನಲ್ಲ. ಪುಸ್ತಕದಲ್ಲಿ ಬರೆದರೆ ಮೊದಲು ಬರೆದದ್ದು ಮೊದಲೇ ಕೂತುಬಿಡುತ್ತದೆ, ಜಪ್ಪಯ್ಯ ಎಂದರೂ ಅಲುಗಾಡುವುದಿಲ್ಲ. ಒಂದೊಂದು ಸನ್ನಿವೇಶಕ್ಕೆ ಒಂದೊಂದು ಚೀಟಿಯಾದರೆ, ಔಷಧಿಯ ಮೇಜಿನ ಮೇಲೆ ಹರಡಿಕೊಂಡು ಯಾವುದರ ಪಕ್ಕ ಯಾವುದು ಕೂತರೆ ಹಾಯುತ್ತದೆ, ಯಾವುದು ಹೊಂದಿಕೊಂಡು ಮೇಯುತ್ತದೆ ಎಂದು ನಿಧಾನವಾಗಿ ನೋಡಬಹುದು. ಚೀಟಿಗಳು ಆಸ್ಪತ್ರೆಯವೇ. ಆಸ್ಪತ್ರೆಯ ಹೆಸರು, ಫೋನ್ ನಂಬರು ಅಚ್ಚಾದ ಮುಂಬದಿ ಸರಕಾರದ್ದು. ಖಾಲಿ ಬಿದ್ದಿರುವ ಹಿಂಬದಿ ಯಾರದೂ ಅಲ್ಲ ಎಂಬುದು ಅವನ ನ್ಯಾಯ. ಈ ಸಲದ ಕತೆ ನಾಲ್ಕು ಚೀಟಿಗಳಲ್ಲಿ ಮುಗಿದಿತ್ತು. ಗಡಿಯಾರ ರಿಪೇರಿ ಮಾಡುವ ಗಂಡ, ಅವನ ಮೇಲೆ ಮುನಿದು ಮಾತು ಬಿಟ್ಟ ಹೆಂಡತಿ. ಡಾಕ್ಟರರ ಕಣ್ಣಿಗೆ ಬೀಳದಿರಲಿ ಎಂದು ನಾಲ್ಕನ್ನೂ ಬೋರಲು ಹಾಕಿ, ಮೇಲೊಂದು ಟಿಂಚರ್ ಬಾಟಲಿ ಇಟ್ಟು, ಮಧ್ಯಾಹ್ನ ನಕಲು ಮಾಡಿ ಬಸ್ಸಿಗೆ ಕೊಟ್ಟರಾಯಿತು ಎಂದು ಅವನು ಹಿತ್ತಲಿಗೆ ಹೋಗಿದ್ದ.

ಕುದಿಸಿದ ಸೂಜಿಗಳ ತಟ್ಟೆ ಹಿಡಿದು ಒಳಗೆ ಬಂದಾಗ ಬಾಟಲಿ ಇತ್ತು. ಅದರ ಕೆಳಗೆ ಮೇಜಿತ್ತು. ನಡುವೆ ಏನೂ ಇರಲಿಲ್ಲ.

"ಸಾರ್, ಇಲ್ಲಿ ನಾಲ್ಕು ಚೀಟಿ ಇದ್ವಲ್ಲ?"

"ಇದ್ವು. ನನ್ನ ಪುಸ್ತಕ ಮುಗಿದಿತ್ತು. ಅವುಗಳ ಮೇಲೇ ಬರೆದು ಕೊಟ್ಟೆ," ಎಂದರು ಡಾಕ್ಟರು, ಕೈ ತೊಳೆಯುತ್ತಾ.

"ಕೊಟ್ರಾ! ಯಾರಿಗೆ ಸಾರ್?"

"ಬಂದವರಿಗೆ ಕಣಯ್ಯಾ. ಬರದೇ ಇರೋರನ್ನ ಹುಡುಕ್ಕೊಂಡು ಹೋಗಿ ಕೊಡ್ಲಾ? ಎತ್ತಿನವನಿಗೊಂದು, ದರ್ಜಿ ನಾಯಿಗೊಂದು, ಮೇಷ್ಟ್ರ ಹಸುವಿಗೊಂದು, ಆ ಮೇಕೆ ಅಜ್ಜಿಗೊಂದು. ಯಾಕೆ, ಮುಖ ಹಿಂಗೆ ಬೆಳ್ಳಗಾಯ್ತು?"

"ಹೊಟ್ಟೆನೋವು ಸಾರ್. ಒಂದು ಗಂಟೆ ಹೊರಗೆ ಹೋಗಿ ಬರ್ತೀನಿ."

"ಹೊಟ್ಟೆನೋವಿಗೆ ಹೊರಗ್ಯಾಕೆ? ಎಮ್ಮೆಗೆ ಕೊಡೋ ಮದ್ದು ಅಲ್ಲಿದೆ ನೋಡು. ಕಾಲು ಭಾಗ ಕುಡಿ, ಸರಿಹೋಗುತ್ತೆ."

ಡಾಕ್ಟರರು ಎದುರಿಗೇ ನಿಂತಿದ್ದರಿಂದ ಅವನು ಕುಡಿಯಲೇಬೇಕಾಯಿತು. ಸುಳ್ಳು ಹೇಳಿದ ಹೊಟ್ಟೆನೋವು ಐದು ನಿಮಿಷದಲ್ಲಿ ನಿಜವಾಯಿತು.

ಎತ್ತಿನವನು ಪುಣ್ಯಕ್ಕೆ ಇನ್ನೂ ಅಂಗಳದಲ್ಲೇ ಇದ್ದ. "ಆ ಚೀಟಿ ಕೊಡಣ್ಣಾ, ಬೇರೆ ಬರ್ಕೊಡ್ತೀನಿ" ಎಂದು ಕಂಪೌಂಡರ್ ಅದನ್ನು ಇಸಿದುಕೊಂಡು, ಡಾಕ್ಟರರು ಬರೆದದ್ದನ್ನು ಇನ್ನೊಂದು ಹಾಳೆಗೆ ಇಳಿಸಿದ. ಎತ್ತು ಎಡಗಾಲು ಕುಂಟುತ್ತದೆ. ಎಂಟು ದಿನ ನೊಗಕ್ಕೆ ಕಟ್ಟಬೇಡಿ. ಜೊತೆಯ ಎತ್ತನ್ನು ಅದಕ್ಕೆ ಕಾಣುವ ಹಾಗೆ ಕಟ್ಟಿ.

ಎತ್ತಿನವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದೇನಣ್ಣಾ, ಕೋಳಿ ಕೆದರಿದಂಗಿದೆ? ಡಾಕ್ಟ್ರು ಬರೆದಿದ್ದು ಮುತ್ತು ಪೋಣಿಸಿದಂಗಿತ್ತು. ನಂಗೆ ಅದೇ ಕೊಡು."

ಅದು ಆ ಆಸ್ಪತ್ರೆಯ ವಿಚಿತ್ರ. ಲೋಕದ ಡಾಕ್ಟರರೆಲ್ಲ ಗೀಚುತ್ತಾರೆ. ಇವರ ಅಕ್ಷರ ಅಚ್ಚಿನ ಮೊಳೆಯ ಹಾಗೆ. 'ಪ್ರಾಣಿಗೆ ಹೇಳೋಕೆ ಬಾಯಿಲ್ಲ, ಸಾಕಿದೋರಿಗೆ ಕೇಳೋಕೆ ಕಿವಿಯಿಲ್ಲ, ಅದಕ್ಕೆ ಬಿಡಿಸಿ ಬರೀಬೇಕು' ಎನ್ನುವುದು ಅವರ ಮಾತು. ಕಂಪೌಂಡರನ ಅಕ್ಷರವೋ, ಮಳೆಗೆ ಸಿಕ್ಕಿ ಚದುರಿದ ಇರುವೆ ಸಾಲು. ಎತ್ತಿನವನಿಗೆ ಒಪ್ಪಿಗೆಯಾಗುವ ಹೊತ್ತಿಗೆ ಮೂರು ಸಲ ಬರೆಯಬೇಕಾಯಿತು. ಬೇರೆಯವರು ಬರೆದದ್ದನ್ನು ನಕಲು ಮಾಡುವಾಗ ಕೈ ಮಾತ್ರ ಓದುತ್ತದೆ, ತಲೆ ಓದುವುದಿಲ್ಲ. ಅವನ ತಲೆಯೆಲ್ಲ ದರ್ಜಿಯ ಅಂಗಡಿಯಲ್ಲಿತ್ತು.

ಮಧ್ಯಾಹ್ನದ ಬಿಡುವಿಗೆ ಆಸ್ಪತ್ರೆಯ ಬಾಗಿಲು ಹಾಕಿ ಅವನು ಅಲ್ಲಿಗೆ ಓಡಿದಾಗ ಎರಡು ಗಂಟೆ ದಾಟಿತ್ತು. ಹೊಲಿಗೆ ಮಿಷನ್ನು ಸುಮ್ಮನೆ ನಿಂತಿತ್ತು. ಅದರ ಕೆಳಗೆ ನಾಯಿ, ನಾಯಿಯ ಪಕ್ಕ ದರ್ಜಿ, ಇಬ್ಬರೂ ಒಂದೇ ತರ ಮುದುಡಿಕೊಂಡು ಕೂತಿದ್ದರು. ಒಳಗೆ ದರ್ಜಿಯ ಹೆಂಡತಿ ಸ್ಟೂಲು ಹತ್ತಿ ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತಿದ್ದಳು.

"ಬಂದ್ಯಾ ಮಾರಾಯಾ!" ದರ್ಜಿ ಪಿಸುಗುಟ್ಟಿದ. "ನಾಯಿ ಬೊಗಳುತ್ತೆ ಅಂತ ಚೀಟಿ ತಂದ್ರೆ, ಅದರ ಹಿಂದೆ ಏನೋ ಓದಿ ಇವಳು ತವರಿಗೆ ಹೊರಟವ್ಳೆ!"

ಚೀಟಿ ಅವಳ ಕೈಯಲ್ಲೇ ಇತ್ತು. ಕತೆಯ ಎರಡನೆಯ ಭಾಗ. 'ಇಪ್ಪತ್ತು ವರ್ಷ ಈ ಗಡಿಯಾರಗಳ ಸದ್ದು ಕೇಳಿದ್ದು ಸಾಕು ಎಂದುಕೊಂಡು ಅವಳು ಪೆಟ್ಟಿಗೆಗೆ ಬಟ್ಟೆ ತುಂಬಿದಳು.'

"ಇದನ್ನ ಬರೆದೋರು ಯಾರು?" ಅವಳು ಸ್ಟೂಲಿನ ಮೇಲಿಂದಲೇ ಕೇಳಿದಳು. "ಗಡಿಯಾರ ಅಂತ ಇರೋ ಕಡೆ ಹೊಲಿಗೆ ಮಿಷನ್ನು ಅಂತ ಹಾಕ್ಕೊಂಡ್ರೆ ಇದು ನನ್ನ ಜನ್ಮ! ಯಾರು ಹೇಳಿದ್ರು ಅವ್ರಿಗೆ?"

"ನನ್ನ... ಬಾಮೈದ ಅಕ್ಕಾ. ಅವನು ಏನೇನೋ ಬರೀತಿರ್ತಾನೆ."

"ಪುಣ್ಯಾತ್ಮ. ಕತೇಲಿ ಇವಳು ಹೋದಳೋ ಇಲ್ವೋ? ಮುಂದಿನ ಚೀಟಿ ಎಲ್ಲಿ? ಅದು ಗೊತ್ತಾಗದೆ ನಾನು ಹೊಸಲು ದಾಟಲ್ಲ."

ಕಂಪೌಂಡರ್ ಕಂಗಾಲಾದ. ಓದುಗ ಎಂದರೆ ಅವನ ಕಲ್ಪನೆಯಲ್ಲಿ ಒಬ್ಬರೇ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಕತೆ ಮುಗಿದಾಗ ಕಣ್ಣು ಮುಚ್ಚಿ, 'ಆಹಾ' ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುವವರು. ಸೂಟ್‌ಕೇಸ್ ಇಳಿಸುವ ಓದುಗರ ಬಗ್ಗೆ ಅವನು ಯೋಚಿಸಿರಲೇ ಇಲ್ಲ. ಕತೆಯಲ್ಲಿ ಹೆಂಡತಿ ಮನೆ ಬಿಟ್ಟು ಹೊಳೆ ದಾಟಿ ಹೋಗುತ್ತಾಳೆ. ಹಾಗೆಂದರೆ ಇವಳೂ ಹೋಗುತ್ತಾಳೆ. ಮಿಷನ್ನಿನ ಕೆಳಗಿನಿಂದ ದರ್ಜಿ, ನಾಯಿ ಇಬ್ಬರೂ ಅವನನ್ನೇ ದೀನವಾಗಿ ನೋಡುತ್ತಿದ್ದರು.

"ಹೋಗ್ಲಿಲ್ಲ ಅಕ್ಕಾ. ಮಳೆ ಬಂತು. ನಿಂತಳು."

"ಮಳೆಗಾ?" ಅವಳು ಚೀಟಿಯನ್ನು ಅವನ ಎದೆಗೆ ಎಸೆದಳು. "ಪೆಟ್ಟಿಗೆ ತುಂಬಿಸಿ, ಇಲ್ಲೀತನಕ ಕರ್ಕೊಂಡು ಬಂದು, ಕೊನೆಗೆ ಮಳೆ ಬಂತಂತೆ! ಬರಿಯೋಕೆ ಬರದಿದ್ರೆ ಸುಮ್ನೆ ಇರಬೇಕು ಅಂತ ಹೇಳಿ ನಿಮ್ಮ ಬಾಮೈದನಿಗೆ!"

ಸೂಟ್‌ಕೇಸ್ ಅಟ್ಟಕ್ಕೆ ಮರಳಿತು. ಕಂಪೌಂಡರ್ ಅಲ್ಲೇ ಬಟ್ಟೆ ಅಳೆಯುವ ಹಲಗೆಯ ಮೇಲೆ ಡಾಕ್ಟರರ ಸೂಚನೆಯನ್ನು ನಕಲು ಮಾಡಿಕೊಟ್ಟ. ನಾಯಿಗೆ ರೋಗವಿಲ್ಲ, ಹೆದರಿಕೆ. ಮನೆಯಲ್ಲಿ ಜೋರಾಗಿ ಮಾತಾಡುವವರು ಮೆಲ್ಲಗೆ ಮಾತಾಡಬೇಕು. ದರ್ಜಿ ಅದನ್ನು ಓದಿ, ಹೆಂಡತಿಗೆ ತೋರಿಸುವ ಧೈರ್ಯ ಸಾಲದೆ, ಮಡಿಸಿ ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದ.

ನಿವೃತ್ತ ಮೇಷ್ಟ್ರ ಮನೆಯ ಹಿಂದೆ ಹಸು ಒಂದೇ ಸಮನೆ ಕೂಗುತ್ತಿತ್ತು. ಮೇಷ್ಟ್ರು ಜಗಲಿಯ ಮೇಲೆ ಕೆಂಪು ಪೆನ್ನು ಹಿಡಿದು ಕೂತಿದ್ದರು. ಮೂವತ್ತು ವರ್ಷ ಮಕ್ಕಳ ಉತ್ತರ ತಿದ್ದಿದ ಕೈ. ತಿದ್ದಲು ಏನೂ ಸಿಗದೆ ವರ್ಷದಿಂದ ತುರಿಸುತ್ತಿತ್ತು. ಕತೆಯ ಮೂರನೆಯ ಚೀಟಿಯ ಮೇಲೆ, ಈ ಮೂಲೆಯಿಂದ ಆ ಮೂಲೆಗೆ ಒಂದು ಕೆಂಪು ಅಡ್ಡಗೀಟು ಎಳೆದು, ಕೆಳಗೆ 'ಹತ್ತಕ್ಕೆ ಮೂರು' ಎಂದು ಬರೆದಿದ್ದರು.

"ಯಾರದಯ್ಯಾ ಇದು?"

"ನನ್ನ ಬಾಮೈದಂದು ಸಾರ್."

"ಗಡಿಯಾರ ರಿಪೇರಿಯವನು ಏಕಾಏಕಿ ದೋಣಿ ಹುಟ್ಟು ಹಾಕ್ತಾನೆ. ಯಾವಾಗ ಕಲಿತ?"

"ಅದು ಹಿಂದಿನ ಚೀಟೀಲಿ ಹೇಳಿದೀನಿ... ಹೇಳಿದಾನೆ ಸಾರ್."

"ಹಿಂದಿನ ಚೀಟಿ ನನ್ನ ಕೈಗೆ ಬಂತೇನು? ಓದೋನ ಕೈಯಲ್ಲಿ ಇರೋದಷ್ಟೇ ಕತೆ. ನಿಮ್ಮನೇಲಿ ಇರೋದು, ತಲೇಲಿ ಇರೋದು ಯಾವುದೂ ಲೆಕ್ಕಕ್ಕಿಲ್ಲ. ನಿಂತ್ಕೊಂಡು ಜೋರಾಗಿ ಓದು, ನಿನಗೇ ಗೊತ್ತಾಗುತ್ತೆ."

ಕಂಪೌಂಡರ್ ಕೈಕಟ್ಟಿ ನಿಂತು ತನ್ನ ಕತೆಯನ್ನು ತಾನೇ ಓದಿದ. ಹಸು ಕೂಗಿದಾಗಲೆಲ್ಲ ನಿಲ್ಲಿಸಬೇಕಾಯಿತು. ಹೊಟ್ಟೆಯೊಳಗೆ ಎಮ್ಮೆಯ ಮದ್ದು ಹಸುವಿಗೆ ಓಗೊಡುತ್ತಿತ್ತು. ಎರಡನೆಯ ಸಲ ಓದುವಾಗ ಗಡಿಯಾರದವನು ದೋಣಿಯಲ್ಲಿ ಕೂತಿದ್ದು ಅವನಿಗೂ ಕೊಂಚ ವಿಚಿತ್ರವಾಗಿಯೇ ಕಂಡಿತು. ತಾನು ಹೇಳಬೇಕೆಂದಿದ್ದ ಕತೆ ಯಾವುದು, ಬರೆದದ್ದು ಯಾವುದು ಎಂಬುದೇ ಈಗ ಸರಿಯಾಗಿ ಹೊಳೆಯುತ್ತಿರಲಿಲ್ಲ.

"ಬಾಮೈದನಿಗೆ ಹೇಳು, ತಿದ್ದಿ ತಂದು ತೋರಿಸ್ಲಿ," ಎಂದು ಮೇಷ್ಟ್ರು ಚೀಟಿ ಕೊಟ್ಟರು. ಡಾಕ್ಟರರ ಸೂಚನೆಯನ್ನು ನಕಲು ಮಾಡಿಕೊಟ್ಟು, ಅದನ್ನೂ ಮೇಷ್ಟ್ರು ಎರಡು ಕಡೆ ತಿದ್ದಿ ಮುಗಿಸುವ ಹೊತ್ತಿಗೆ ಮೂರೂ ಮುಕ್ಕಾಲು.

ಮೇಕೆ ಅಜ್ಜಿಯ ಮನೆ ಬೀದಿಯ ಆ ತುದಿಗೆ. ಹಿತ್ತಲಿನ ಬಿಸಿಲಿನಲ್ಲಿ ಅಜ್ಜಿ ತನ್ನ ಮುದಿ ಮೇಕೆಯ ಹಣೆಗೆ ಒದ್ದೆ ಬಟ್ಟೆ ಒತ್ತಿ, ಅದರ ಕಿವಿಯ ಹತ್ತಿರ ಬಾಗಿ ಕರೆಯುತ್ತಿದ್ದಳು. "ಗುಬ್ಬೀ... ಗುಬ್ಬೀ..."

"ಏನಜ್ಜಿ ಮಾಡ್ತಿದ್ದೀಯಾ?"

"ಔಷಧಿ ಮಗಾ. ಸೊಸೆ ಚೀಟಿ ಓದಿ, ಮುಂದಿನ ಕಡೆ 'ಔಷಧಿ ಏನೂ ಬೇಡ' ಅಂತ ಇದೆ ಅಂದ್ಲು. ಡಾಕ್ಟ್ರ ಹತ್ರ ಹೋಗಿ ಬಂದ್ಮೇಲೆ ಔಷಧಿ ಇಲ್ಲ ಅಂದ್ರೆ ಹೆಂಗೆ? ತಿರುಗ್ಸಿ ನೋಡೇ ಅಂದೆ. ಹಿಂದೆ ಎಷ್ಟೊಂದು ಬರೆದವ್ರೆ! ಅಕ್ಷರ ಕೂಡ ಪೇಟೆ ಡಾಕ್ಟ್ರ ತರಾನೇ, ಒಂದೂ ಅರ್ಥ ಆಗಲ್ಲ. ಇಬ್ರೂ ಸೇರಿ ಕಷ್ಟಪಟ್ಟು ಓದ್ಕೊಂಡ್ವಿ."

ಅದು ಕತೆಯ ಕೊನೆಯ ಚೀಟಿ. ಜ್ವರ ಬಂದು ಮಲಗಿದ ಹೆಂಡತಿಯ ಹಣೆಗೆ ಗಂಡ ಒದ್ದೆ ಬಟ್ಟೆ ಹಾಕಿ, ಹೊಸದಾಗಿ ಮದುವೆಯಾದಾಗ ಕರೆಯುತ್ತಿದ್ದ 'ಗುಬ್ಬಿ' ಎಂಬ ಹೆಸರಿನಿಂದ ಮೂರು ಸಲ ಕರೆಯುತ್ತಾನೆ. ಅವಳು ಕಣ್ಣು ಬಿಡುತ್ತಾಳೆ.

"ಎದ್ದಿತಾ ಅಜ್ಜಿ?" ಅವನು ಮೇಕೆಯ ಪಕ್ಕ ಕುಕ್ಕರಿಸಿದ.

"ಎರಡು ದಿನದಿಂದ ನೆಲ ಬಿಟ್ಟು ಏಳದೋಳು, ಮೂರನೇ ಸಲಕ್ಕೆ ಎದ್ದು ನಿಂತ್ಲು ಕಣಪ್ಪಾ! ಈಗ ಎರಡನೇ ಸಲದ್ದು ಕೊಡ್ತಿದೀನಿ. ಇದು ದಿನಕ್ಕೆ ಎಷ್ಟು ಸಲ? ಮೇವಿಗೆ ಮುಂಚೇನೋ, ಆಮೇಲೋ?"

ಹನ್ನೆರಡು ವರ್ಷಗಳಲ್ಲಿ ಅವನ ಬರಹದಿಂದ ಯಾರಾದರೂ ಎದ್ದು ನಿಂತದ್ದು ಇದೇ ಮೊದಲು. ಕಣ್ಣಿನಲ್ಲಿ ನೀರು ಬಂತು. 'ಬರೆದವನು ನಾನೇ ಅಜ್ಜೀ' ಎಂದು ಹೇಳಲು ಬಾಯಿ ತೆರೆದವನು, ಆಮೇಲೆ ಊರಿನ ಕಾಯಿಲೆಯ ಪ್ರಾಣಿಗಳೆಲ್ಲ ತನ್ನ ಮನೆಯ ಬಾಗಿಲಿಗೇ ಬಂದಾವು ಎನಿಸಿ ಮುಚ್ಚಿಕೊಂಡ. ಅಜ್ಜಿ ಮಾತ್ರ ಚೀಟಿ ಬಿಡಲೊಲ್ಲಳು. ಕೊನೆಗೆ ಎರಡೂ ಬದಿಯನ್ನು ನಕಲು ಮಾಡಿಕೊಟ್ಟು, ಮೇವಿಗೆ ಮುಂಚೆ ಎಂದು ಹೇಳಿ, ಬಿಡಿಸಿಕೊಂಡು ಓಡಿದ. ನಾಲ್ಕು ಇಪ್ಪತ್ತೆಂಟು.

ಬಸ್ಸು ಆಗಲೇ ಗುರುಗುಡುತ್ತಾ ನಿಂತಿತ್ತು. ನಾಲ್ಕು ಚೀಟಿಗಳನ್ನೂ ಚೊಕ್ಕವಾಗಿ ಬರೆಯುವುದಿರಲಿ, ಉಸಿರಾಡಲೂ ಹೊತ್ತಿರಲಿಲ್ಲ. ಅವನು ಚೀಟಿ ಜೋಡಿಸುತ್ತಿದ್ದರೆ, ಸಂಜೆಯ ವಾಯುವಿಹಾರಕ್ಕೆ ಬಂದಿದ್ದ ಮೇಷ್ಟ್ರು ಪಕ್ಕದಲ್ಲಿ ಪ್ರತ್ಯಕ್ಷರಾದರು.

"ಪತ್ರಿಕೆಗೇನು? ಬಾಮೈದಂದಾ? ಹಿಂಗೆ ಬಿಡಿಬಿಡಿಯಾಗಿ ಕಳಿಸ್ತಾರೇನಯ್ಯಾ! ಯಾವುದು ಮೊದಲು, ಯಾವುದು ಆಮೇಲೆ ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ಇಲ್ಲಿ ಕೊಡು. ಇದು ಒಂದನೇದಾ?"

"ಹೌದು ಸಾರ್. ಆಮೇಲೆ ಇದು. ಆಮೇಲೆ ನಿಮ್ಮದು. ಕೊನೇಗೆ ಮೇಕೆ."

ಮೇಷ್ಟ್ರು ಬಸ್ಸಿನ ಮೈಗೆ ಚೀಟಿಗಳನ್ನು ಒತ್ತಿಟ್ಟು, ಕೆಂಪು ಪೆನ್ನಿನಿಂದ ದುಂಡಗೆ ಒಂದು, ಎರಡು, ಮೂರು, ನಾಲ್ಕು ಎಂದು ಹಾಕಿ, ಮೇಲೆ ಗುಂಡುಪಿನ್ನು ಚುಚ್ಚಿ ಕೊಟ್ಟರು. ಕಂಡಕ್ಟರ್ ಸೀಟಿ ಊದಿದ. ಚೀಟಿಗಳನ್ನು ತುರುಕಿದ ಲಕೋಟೆ ಕಿಟಕಿಯೊಳಗೆ ಹೋಯಿತು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ, 'ಮೌನಮಿತ್ರ' ಎಂದು ಎಲ್ಲಿಯೂ ಬರೆಯಲಿಲ್ಲ ಎಂಬುದು ಅವನಿಗೆ ನೆನಪಾಯಿತು. ಇರಲಿ, ಸಂಪಾದಕರು ಕಾಯುತ್ತಿರುವುದು ತನ್ನದನ್ನೇ ತಾನೇ ಎಂದು ಸಮಾಧಾನ ಮಾಡಿಕೊಂಡ.

"ಜಾಗ ಇರೋ ಕಡೆ ನಂಬರು ಹಾಕಿದೀನಿ," ಎಂದರು ಮೇಷ್ಟ್ರು ತೃಪ್ತಿಯಿಂದ. "ನಿನ್ನ ಬಾಮೈದ ಒಂದು ಕೂದಲು ತೂರಿಸೋಕೂ ಜಾಗ ಬಿಟ್ಟಿಲ್ಲ. ಡಾಕ್ಟ್ರು ನೋಡು, ಹೆಂಗೆ ಅಂಚು ಬಿಟ್ಟು ಬರೀತಾರೆ."

ಆ ಮಾತು ಕಂಪೌಂಡರನ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ.

ಆರು ಗಂಟೆಗೆ ಅವನು ಆಸ್ಪತ್ರೆಯ ಕಸ ಗುಡಿಸುತ್ತಿದ್ದಾಗ ಫೋನು ಬಂತು. ಎತ್ತಿದವರು ಡಾಕ್ಟರು.

"ಹೌದು, ನಾನೇ... ನಾಲ್ಕು ಚೀಟಿಯಾ? ಹೌದು, ನಾನೇ ಬರೆದದ್ದು. ಎಲ್ಲಾ ನಂದೇ."

ಪೊರಕೆ ನಿಂತಿತು.

"ಎಷ್ಟು ಹೊತ್ತು ಅಂದ್ರೆ? ಒಂದಕ್ಕೆ ಎರಡು ನಿಮಿಷ ಹಿಡೀಬಹುದು... ಯಾರನ್ನ ನೋಡಿ ಕಲಿತೆ? ಬಂದವರನ್ನ ನೋಡಿ ಬರೀತೀನಪ್ಪಾ... ಹಾಕ್ಕೊಳ್ಳಿ, ನಂಗೇನು? ಜನಕ್ಕೆ ಉಪಯೋಗ ಆಗುತ್ತೆ ಅಂದ್ರೆ ಹಾಕ್ಕೊಳ್ಳಿ."

ಕಂಪೌಂಡರನ ಕಿವಿಯಲ್ಲಿ ಬಿಸಿ ಗಾಳಿ ನುಗ್ಗಿತು. ಹತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದ ಮನುಷ್ಯ, ಹಗಲು ಹೊತ್ತಿನಲ್ಲಿ, ತನ್ನ ಎದುರಿಗೇ ತನ್ನ ಕತೆಯನ್ನು ನುಂಗುತ್ತಿದ್ದಾರೆ!

"ಸಾರ್!" ಅವನು ಮೇಜಿನ ಹತ್ತಿರ ಬಂದ. "ಅದು... ನನ್ನ..."

ಡಾಕ್ಟರು ಫೋನು ಇಟ್ಟು, ತಲೆ ಕೆರೆದುಕೊಂಡರು. "ಯಾರೋ ಪತ್ರಿಕೆಯವನಂತೆ ಕಣಯ್ಯಾ. ನಾನು ಬರೆದ ಚೀಟಿ ಹೆಂಗೋ ಅವನ ಕೈಸೇರಿದೆ. ಇಂಥಾ ಕತೆ ಇಪ್ಪತ್ತು ವರ್ಷದಲ್ಲಿ ಓದಿಲ್ಲ ಅಂತಾನೆ. ಅದೇ, ಮೇಷ್ಟ್ರ ಹಸುವಿಗೆ ಬರೆದಿದ್ನಲ್ಲ, 'ರೋಗವಿಲ್ಲ. ಕರು ಮಾರಿದ್ದಾರೆ. ಹದಿನೈದು ದಿನ ಕೂಗುತ್ತದೆ. ಕೂಗಲು ಬಿಡಿ.' ಅದನ್ನ ಓದಿ ಅತ್ತುಬಿಟ್ನಂತೆ. ಮೇಕೇದು ಕೊನೇಲಿ ಬಂತಲ್ಲ, 'ಔಷಧಿ ಏನೂ ಬೇಡ. ವಯಸ್ಸಾಗಿದೆ. ಬಿಸಿಲಿಗೆ ಬಿಡಿ. ಏಳದಿದ್ದರೆ ಹೇಳಿ ಕಳಿಸಿ, ನಾನೇ ಬರುತ್ತೇನೆ', ಅಂಥಾ ಕೊನೇ ಸಾಲು ಯಾರಿಗೂ ಬರಿಯೋಕಾಗಲ್ಲಂತೆ. ಅದರಲ್ಲೇನಿದೆ? ಏಳದಿದ್ರೆ ನಾನೇ ತಾನೇ ಹೋಗ್ಬೇಕು?"

ಕಂಪೌಂಡರ್ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹಿಂಬದಿ... ಹಿಂಬದಿ ನೋಡ್ಲಿಲ್ವಂತಾ ಸಾರ್?"

"ನೋಡಿದ್ನಂತೆ. ಯಾರೋ ಏನೋ ಗೀಚಿ, ಅದಕ್ಕೆ ಅವ್ರೇ ಕೆಂಪು ಗೀಟು ಹಾಕಿ ಹೊಡೆದುಹಾಕಿದಾರೆ, ಕಾಗದದ ಬರ ಇರ್ಬೇಕು ಪಾಪ ಅಂದ. ಈ ಗಳಿಗೇಲೇ ಅಚ್ಚಿಗೆ ಹೋಗುತ್ತಂತೆ, ನನ್ನ ಹೆಸ್ರಲ್ಲಿ. ವಾರಾವಾರ ನಾಲ್ಕು ಬೇಕಂತೆ. ನಂಗೇನು ಕಷ್ಟ, ದಿನಾ ಬರೀತೀನಿ. ನೀನು ಒಂದೊಂದು ನಕಲು ಮಾಡಿ ಬಸ್ಸಿಗೆ ಕೊಟ್ಬಿಡು. ಸ್ವಲ್ಪ ಅಕ್ಷರ ತಿದ್ಕೊ."

ಡಾಕ್ಟರು ಚೀಲ ಎತ್ತಿಕೊಂಡವರು, ಏನೋ ನೆನಪಾಗಿ ತಿರುಗಿದರು.

"ಆಂ, ಇನ್ನೊಂದು. ಈ ಊರಲ್ಲಿ ಮೌನಮಿತ್ರ ಅಂತ ಯಾರೋ ಇದಾನಂತೆ. ಇವತ್ತು ಕತೆ ಕಳಿಸ್ಬೇಕಿತ್ತು, ಕೈಕೊಟ್ನಂತೆ. ಅವನ ಪುಟಕ್ಕೇ ನಂದು ಹಾಕ್ತಿರೋದು. ಸಿಕ್ಕಿದ್ರೆ, ಇನ್ನು ಬರೆಯೋ ತೊಂದ್ರೆ ತಗೋಬೇಡ ಅಂತ ಹೇಳ್ಬಿಡಿ ಅಂದ. ನಿಂಗೆ ಗೊತ್ತೇನಯ್ಯಾ ಅವನು?"

ಕಂಪೌಂಡರ್ ಜೇಬಿನ ಕಾರ್ಡನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಇಲ್ಲ ಸಾರ್," ಎಂದ.

ಅಷ್ಟರಲ್ಲಿ ಅಂಗಳದಲ್ಲಿ ಹಗ್ಗ ಹಿಡಿದ ಅಜ್ಜಿ, ಹಗ್ಗದ ತುದಿಯಲ್ಲಿ ಮೇಕೆ. ಡಾಕ್ಟರು ಸಾಮಾನು ಜೋಡಿಸಿಕೊಳ್ಳಲು ಒಳಗೆ ಹೋದರು.

"ಮಗಾ, ನೀನು ಕೊಟ್ಟಿದ್ದು ಕೊನೇ ಚೀಟಿಯಂತಲ್ಲ, ಮೇಷ್ಟ್ರು ಹೇಳಿದ್ರು. ಮೊದಲಿಂದು ಮೂರು ಇದ್ಯಂತೆ! ಅರ್ಧ ಔಷಧಿ ಕೊಟ್ರೆ ಆಗುತ್ತಾ? ಅಷ್ಟೂ ಹೇಳಿಬಿಡು. ನೋಡು, ಹೆಂಗೆ ಲವಲವಿಕೆಯಿಂದ ನಿಂತವ್ಳೆ."

ಮೇಕೆ ಕಿವಿ ನಿಮಿರಿಸಿ ಅವನನ್ನೇ ನೋಡುತ್ತಿತ್ತು. ಎಲ್ಲ ಹೋದರೂ ಒಬ್ಬ ಓದುಗಿಯಾದರೂ ಉಳಿದಳಲ್ಲ ಎಂದುಕೊಂಡು ಕಂಪೌಂಡರ್ ಮೆಟ್ಟಿಲ ಮೇಲೆ ಕೂತ. ಗಂಟಲು ಸರಿಮಾಡಿಕೊಂಡು, ಮೊದಲ ಚೀಟಿಯ ಮೊದಲ ಸಾಲಿನಿಂದ, ನಿಧಾನವಾಗಿ, ಒಂದು ಮಾತೂ ಬಿಡದೆ ಹೇಳತೊಡಗಿದ. ಗಡಿಯಾರದ ಅಂಗಡಿಯ ವರ್ಣನೆ ಮುಗಿದಿರಲಿಲ್ಲ. ಮೇಕೆಯ ಕಿವಿಗಳು ಜೋತುಬಿದ್ದವು. ಮುಂಗಾಲು ಮಡಿಸಿತು. ಹಿಂಗಾಲು ಮಡಿಸಿತು. ಗಲ್ಲವನ್ನು ಅವನ ಪಾದದ ಮೇಲಿಟ್ಟು ಗೊರಕೆ ಹೊಡೆಯಿತು.

ಚೀಲ ಹಿಡಿದು ಹೊರಬಂದ ಡಾಕ್ಟರು ಅದನ್ನು ನೋಡಿ ಸಿಡುಕಿದರು.

"ಏನಯ್ಯಾ, ನನ್ನ ಕೇಳ್ದೆ ಏನು ಕೊಟ್ಟೆ ಅದಕ್ಕೆ? ಮುದಿ ಮೇಕೆಗೆ ಮತ್ತು ಬರಿಸೋ ಔಷಧಿ ಕೊಡಬಾರದು ಅಂತ ಎಷ್ಟು ಸಲ ಹೇಳಿದೀನಿ!"